ಹಳೇ ಪ್ರೋನೋಟು, ಹೊಸಾ ಸೈನು

ಈ ಸಲ ಸಾರು, ಪಲ್ಯ, ಉಪ್ಪಿನಕಾಯಿ ಎಲ್ಲ ಬದಿಗಿಟ್ಟು ಸಾಲದ ಮಾತು ಬರೀತಾ ಇದ್ದೀನಿ. ಎಲ್ಲಿ ನಾಕು ಜನ ಹೆಂಗಸ್ರು ಕೂತ್ರೂ ಈಗ ಇದೇ ಮಾತು. ಸಂಘದ ಮೀಟಿಂಗಲ್ಲೂ ಅದೇ, ನಲ್ಲಿ ಹತ್ರಾನೂ ಅದೇ, ಮದುವೆ ಮನೇಲಿ ಊಟದ ಪಂಕ್ತಿ ಕಾಯ್ವಾಗ್ಲೂ ಅದೇ. ಹತ್ತು ಹದಿನೈದು ವರ್ಷದ ಹಿಂದಿನ ಸಾಲವ ಈಗ ಬಂದು ಕೇಳಬೌದಾ? ಕೇಳುದ್ರೆ ಕೊಡ್ಲೇಬೇಕಾ? ಸತ್ತೋದೋರ ಸಾಲಕ್ಕೆ ಮಕ್ಕಳು ಹೊಣೆನಾ?

ಇದಕ್ಕೆ ನಮ್ಮ ಕಡೆ ಎರಡು ಉತ್ತರ ಓಡಾಡ್ತವೆ. ಒಂದು, "ಮೂರು ವರ್ಷ ಆಗೋದ್ರ ಮುಗೀತು ಕನಕ್ಕ, ಯಾರೂ ಏನೂ ಮಾಡಕ್ಕಾಗಲ್ಲ". ಇನ್ನೊಂದು, "ಸಾಲಕ್ಕ ಸಾವಿಲ್ಲ, ಏಳು ತಲೆಮಾರು ಬುಡಲ್ಲ". ನಮ್ಮ ಮನೆ ಬಾಗಿಲಿಗೇ ಈ ಪ್ರಶ್ನೆ ಬಂದು ನಿಂತಾಗ ನಾನು ನಂಜನಗೂಡಿಗೆ ಹೋಗಿ ತಿಳ್ಕೊಂಡು ಬಂದೆ. ಎರಡು ಉತ್ತರದಲ್ಲೂ ಅರ್ಧರ್ಧ ನಿಜ ಇದೆ. ಯಾವ ಅರ್ಧ ಅನ್ನೋದು ಗೊತ್ತಿರಬೇಕು.

2024ರ ಸುತ್ತೂರು ಜಾತ್ರೆ ಮುಗಿದಿತ್ತು. ನೆಂಟರೆಲ್ಲ ಹೊರಟೋಗಿದ್ರು, ಚಾಪೆ ಹೊದಿಕೆ ಒಗೆದು ಒಣಗಾಕಿದ್ದೆ. ಬೈಕಲ್ಲಿ ಒಬ್ಬರು ಬಂದ್ರು. ನಲವತ್ತೈದರ ಒಳಗಿನ ವಯಸ್ಸು, ಮಾತು ಮೆತ್ತಗೆ. "ಅಣ್ಣಾವ್ರು ಅವ್ರಾ ಅಕ್ಕ?" ಅಂದ್ರು. ಕೂತ್ಕೊಂಡು, ನೀರು ಕುಡಿದು, ಪ್ಲಾಸ್ಟಿಕ್ ಕವರಿಂದ ಒಂದು ಹಳೇ ಕಾಗದ ತೆಗೆದ್ರು. ಮಡಿಕೆ ಬಿದ್ದ ಜಾಗದಲ್ಲೆಲ್ಲ ಹರಿದು ಅಂಟಿಸಿದ್ದ ಪ್ರೋನೋಟು. ಮೇಲೆ ರೆವಿನ್ಯೂ ಸ್ಟಾಂಪು, ಅದರ ಮೇಲೆ ನಮ್ಮ ಮಾವನವರ ಸೈನು. ನಮ್ಮ ಮಾವ ಸೈನು ಹಾಕ್ವಾಗ ಕೊನೇ ಅಕ್ಷರವ ಕೆಳಕ್ಕೆ ಬಾಲದ ಥರ ಎಳೀತಿದ್ರು. ಅದೇ ಬಾಲ. ನಮ್ಮೆಜಮಾನ್ರು ನೋಡಿದ ತಕ್ಷಣ, "ಅಪ್ಪಂದೇಯ" ಅಂದ್ರು.

1998ರ ಫೆಬ್ರವರಿಲಿ ನಮ್ಮ ನಾದಿನಿ ಮದುವೆಗೆ ಅಂತ ಮಾವನವರು ಈ ಮನುಷ್ಯರ ತಂದೆ ಹತ್ರ 15,000 ರೂಪಾಯಿ ತಕ್ಕೊಂಡಿದ್ರು. ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ. ಆ ಸಾಹುಕಾರ್ರು ತೀರ್ಕೊಂಡ ಮೇಲೆ ಬೀರು ಖಾಲಿ ಮಾಡ್ವಾಗ ಮಗನಿಗೆ ಈ ಕಾಗದ ಸಿಕ್ಕಿದೆ. ನಮ್ಮ ಮಾವ 2009ರಲ್ಲೇ ಹೋದ್ರು. ಅಂದ್ರೆ ಕೊಟ್ಟೋರೂ ಇಲ್ಲ, ತಕ್ಕೊಂಡೋರೂ ಇಲ್ಲ, ಕಾಗದ ಮಾತ್ರ ಉಳಿದಿದೆ.

ಲೆಕ್ಕಾನೂ ಮಾಡ್ಕೊಂಡೇ ಬಂದಿದ್ರು. 26 ವರ್ಷಕ್ಕೆ 312 ತಿಂಗಳು, ತಿಂಗಳಿಗೆ 300 ರೂಪಾಯಿ ಬಡ್ಡಿ, ಒಟ್ಟು 93,600. ಅಸಲು ಸೇರಿ 1,08,600. "ನಿಮ್ಮ ಮುಖ ನೋಡಿ ಎಂಬತ್ತು ಸಾವ್ರಕ್ಕ ಮುಗುಸ್ಕತೀನಿ ಅಣ್ಣ. ಈಗ್ಲೇ ಕುಡಿ ಅಂತ ನಾನೇನೂ ಅಂತಿಲ್ಲ. ನಿಧಾನುಕ್ಕ ಕುಡಿ. ಸದ್ಯಕ್ಕ ಇಲ್ಲೊಂದು ಸೈನ್ ಹಾಕ್ಬುಡಿ, ನಮ್ಮಪ್ಪನ ಸಾಲವ ನಾನು ತೀರುಸ್ತೀನಿ ಅಂತ, ಅಷ್ಟೇಯ." ಅದಕ್ಕೆ ಬೇಕಾದ ಸ್ಟಾಂಪ್ ಪೇಪರು ಆಗ್ಲೇ ಟೈಪಾಗಿ ಅದೇ ಕವರಲ್ಲಿತ್ತು.

ದುಡ್ಡು ನಿಧಾನಕ್ಕೆ, ಸೈನು ಮಾತ್ರ ಈಗ್ಲೇ ಅನ್ನೋದು ನನಗೆ ಸರಿ ಕಾಣಲಿಲ್ಲ. ಸಾಲ ಕೇಳಕ್ಕೆ ಬಂದೋರು ಸಾಮಾನ್ಯವಾಗಿ ತಿರುಗುಮುರುಗು ಕೇಳ್ತಾರೆ. "ಕಾಫಿ ಕುಡೀರಿ, ಓದಿ ನೋಡಿ ಹೇಳ್ತೀವಿ" ಅಂದೆ. ಪ್ರೋನೋಟ ಬಿಟ್ಟೋಗಕ್ಕೆ ಅವರು ಒಪ್ಪಲಿಲ್ಲ, ಅದು ನ್ಯಾಯವೇ. ಮಗನ ಕೈಲಿ ಮೊಬೈಲಲ್ಲಿ ಫೋಟೋ ತೆಗೆಸ್ದೆ, ಹಿಂದೂ ಮುಂದೂ.

ಹಿಂಭಾಗದಲ್ಲೇ ಇದ್ದದ್ದು ವಿಷಯ. ಮೂರು ಸಾಲು ಬರಹ. 1999ರ ಫೆಬ್ರವರಿಲಿ 3,600 ಸಂದಾಯ, 2001ರ ಜನವರಿಲಿ 7,200, 2003ರ ಮಾರ್ಚಲ್ಲಿ 5,000. ಮೂರಕ್ಕೂ ಮಾವನವರ ಸೈನು. ಕೂಡಿದ್ರೆ 15,800, ಅಸಲಿಗಿಂತ ಜಾಸ್ತಿ. ಬಂದೋರು ಮಾತ್ರ 312 ತಿಂಗಳಿಗೂ ಬಡ್ಡಿ ಹಾಕಿ ಈ ಮೂರು ಸಾಲನ್ನ ಲೆಕ್ಕಕ್ಕೇ ತಕ್ಕೊಂಡಿರಲಿಲ್ಲ. ಹೇಳಿದ್ದಕ್ಕೆ, "ಅದು ಬಡ್ಡಿಗ ಬಡ್ಡಿಗ ಹೋಯ್ತು ಅಕ್ಕ" ಅಂದ್ರು. ಯಾವ ಬಡ್ಡಿಗೆ ಅಂತ ಕೇಳಿದ್ದಕ್ಕೆ ಉತ್ತರ ಇಲ್ಲ.

ಇವರು ಹೋದ ಮೇಲೆ ಮನೇಲಿ ಎರಡು ದಿನ ಇದೇ. ಯಜಮಾನ್ರಿಗೆ ಕೋರ್ಟು ಅಂದ್ರೆ ಭಯ. ನಮ್ಮತ್ತೆಗೆ ಭಯ ಬೇರೆ, ಅದನ್ನ ಆಮೇಲೆ ಹೇಳ್ತೀನಿ. ನಂಜನಗೂಡು ಕೋರ್ಟಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಅಂತ ಇದೆ. ಅಲ್ಲಿ ಬಿಟ್ಟಿ ಸಲಹೆ ಕೊಡ್ತಾರೆ. 1987ರ ಕಾನೂನು ಅದು. ಗಂಡಸರಿಗಾದ್ರೆ ವರಮಾನ ಇಷ್ಟರ ಒಳಗಿರಬೇಕು ಅಂತ ಕೇಳ್ತಾರೆ. ಹೆಂಗಸರಿಗೆ ಆ ಮಿತಿ ಇಲ್ಲ, ಹೆಂಗಸಾದ್ರೆ ಸಾಕು. ಅದಕ್ಕೇ ನಾನೇ ಹೋದೆ. ಪಕ್ಕದ ಮನೆ ಅಕ್ಕನೂ ಜೊತೆಗೆ ಬಂದ್ಳು, ಅವಳದ್ದೂ ಒಂದು ಕತೆ ಇತ್ತು.

ಅಲ್ಲಿದ್ದ ಲಾಯರಮ್ಮ ಫೋನಲ್ಲಿ ಫೋಟೋನ ದೊಡ್ಡದು ಮಾಡಿ ಮಾಡಿ ನೋಡಿದ್ರು. ಹಿಂಭಾಗವನ್ನೇ ಮೊದಲು ನೋಡಿದ್ರು. ಆಮೇಲೆ ನನಗೆ ಅರ್ಥ ಆಗೋ ಹಂಗೆ ಹೇಳಿದ್ದು ಇದು.

1963ರ ಕಾಲಮಿತಿ ಕಾಯಿದೆ ಅಂತ ಇದೆ, ಕೋರ್ಟಲ್ಲಿ ಲಿಮಿಟೇಷನ್ ಆಕ್ಟು ಅಂತಾರೆ. ಕೈಸಾಲ, ಪ್ರೋನೋಟಿನ ಸಾಲ ಇವಕ್ಕೆ ಮೂರು ವರ್ಷ ವಾಯಿದೆ. ಕೇಳಿದಾಗ ಕೊಡ್ತೀನಿ ಅಂತ ಬರೆದ ಪ್ರೋನೋಟಾದ್ರೆ ಬರೆದ ದಿನದಿಂದಲೇ ಎಣಿಕೆ, ಕೇಳಿದ ದಿನದಿಂದ ಅಲ್ಲ. ಆದ್ರೆ ಆ ಮೂರು ವರ್ಷದ ಒಳಗೆ ಸಾಲಗಾರ ಬಡ್ಡೀನೋ ಅಸಲಲ್ಲಿ ಸ್ವಲ್ಪಾನೋ ಕೊಟ್ಟು, ಅದು ಅವನ ಕೈಬರಹದಲ್ಲೋ ಅವನ ಸೈನಲ್ಲೋ ದಾಖಲಾದ್ರೆ, ಆ ದಿನದಿಂದ ಮತ್ತೆ ಹೊಸದಾಗಿ ಮೂರು ವರ್ಷ. "ಹೌದು, ಇಷ್ಟು ಸಾಲ ಇದೆ" ಅಂತ ಬರೆದು ಸೈನ್ ಮಾಡಿದ್ರೂ ಅಷ್ಟೇ, ಮತ್ತೆ ಮೂರು ವರ್ಷ. ಹಿಂಗೆ ನಮ್ಮ ಮಾವನ ಸಾಲ 1998ರಿಂದ 1999ಕ್ಕೆ, 1999ರಿಂದ 2001ಕ್ಕೆ, 2001ರಿಂದ 2003ಕ್ಕೆ ಜೀವ ಹಿಡ್ಕೊಂಡು ಬಂದಿತ್ತು. ಕೊನೇ ಸೈನು 2003ರ ಮಾರ್ಚು. 2006ರ ಮಾರ್ಚಿಗೆ ವಾಯಿದೆ ಮುಗೀತು.

"2007ರಲ್ಲಿ ಎರಡು ಮೂಟೆ ಅಕ್ಕಿ ಕೊಟ್ಟಿದ್ರಂತೆ, ಅತ್ತೆ ಹೇಳ್ತಾರೆ" ಅಂದೆ. ಬಚ್ಚಿಡೋದು ಯಾಕೆ ಅಂತ. "ಬರೆದಿಲ್ಲ, ಸೈನಿಲ್ಲ. ಅದೂ ಅಲ್ದೆ ವಾಯಿದೆ ಮುಗಿದ ಮೇಲೆ ಕೊಟ್ಟದ್ದು. ಅದರಿಂದ ಸಾಲಕ್ಕೆ ಜೀವ ಬರಲ್ಲ" ಅಂದ್ರು.

"ಹಾಗಾದ್ರೆ ಸಾಲ ಸತ್ತೋಯ್ತಾ ಮೇಡಂ?"

"ಸಾಲ ಸಾಯಲ್ಲಮ್ಮ. ಕೋರ್ಟಿನ ದಾರಿ ಮುಚ್ಚಿದೆ, ಅಷ್ಟೇ. ನೀವಾಗೇ ಕೊಟ್ರೆ ಅವರು ಇಸ್ಕೊಬೌದು, ಅದು ತಪ್ಪಲ್ಲ. ಕೊಟ್ಟದ್ದನ್ನ ಆಮೇಲೆ ನೀವು ವಾಪಸ್ ಕೇಳಕ್ಕೂ ಬರಲ್ಲ. ಆದ್ರೆ ಕೊಡಿಸಿ ಅಂತ ಅವರು ದಾವಾ ಹಾಕಿದ್ರೆ, ನೀವು ವಾಯಿದೆ ಮಾತು ಎತ್ತದೆ ಇದ್ರೂ ಜಡ್ಜೇ ಅದನ್ನ ವಜಾ ಮಾಡಬೇಕು, ಕಾಯಿದೆಯಲ್ಲಿ ಹಂಗೇ ಇದೆ. ಹಂಗಂತ ನೋಟೀಸ್ ಬಂದ್ರೆ ಅದನ್ನ ಹಾಸಿಗೆ ಕೆಳಗೆ ಇಟ್ಟು ಸುಮ್ಮನಿರಬೇಡಿ, ತಕ್ಕೊಂಡು ಬನ್ನಿ."

ಆಮೇಲೆ ಸ್ಟಾಂಪ್ ಪೇಪರಿನ ಫೋಟೋ ನೋಡಿದ್ರು. ಅಲ್ಲೀತನಕ ಅವರ ಮುಖ ಸಾಮಾನ್ಯವಾಗಿತ್ತು. ಅದನ್ನ ಓದಿ, "ಇದಕ್ಕೆ ಸೈನ್ ಹಾಕಿಲ್ಲ ತಾನೆ?" ಅಂತ ಎರಡು ಸಲ ಕೇಳಿದ್ರು. 1872ರ ಕರಾರು ಕಾಯಿದೆ 25ನೇ ಕಲಮು ಅಂತೆ. ವಾಯಿದೆ ಮೀರಿದ ಸಾಲವನ್ನ ಕೊಡ್ತೀನಿ ಅಂತ ಬರೆದು ಸೈನ್ ಹಾಕಿದ್ರೆ ಅದು ಹೊಸಾ ಕರಾರು ಆಗ್ತದೆ. ಹಳೇ 15,000 ಅಲ್ಲ, ಅಲ್ಲಿ ಬರೆದ 80,000ವೇ ಸಾಲ. ಬರೆದುಕೊಟ್ಟೋರು ನಮ್ಮೆಜಮಾನ್ರು, ಆದ್ದರಿಂದ ಸತ್ತ ಮಾವನ ಸಾಲ ಅಲ್ಲ, ಬದುಕಿರೋ ಗಂಡನ ಸಾಲ. ಹೊಸದಾಗಿ ಮೂರು ವರ್ಷ ವಾಯಿದೆ. ಬಂದೋರು ಅವತ್ತು ದುಡ್ಡಿಗೆ ಅವಸರ ಮಾಡದೆ ಸೈನಿಗೆ ಅವಸರ ಮಾಡಿದ್ದು ಇದಕ್ಕೇ. ಖಾಲಿ ಚೆಕ್ಕು ಕೊಡಿ ಅಂದ್ರೂ ಕೊಡಬೇಡಿ ಅಂದ್ರು, ಹಳೇ ಸಾಲಕ್ಕೆ ಕೊಟ್ಟ ಚೆಕ್ಕು ವಾಪಸ್ ಬಂದ್ರೆ ಅದೇ ಒಂದು ಕೇಸಾಗಿ ನಿಲ್ತದೆ.

ಇನ್ನು ಮಕ್ಕಳ ಹೊಣೆ ವಿಷಯ. ಮುಂಚೆ ಹಿಂದೂ ಶಾಸ್ತ್ರದ ಪ್ರಕಾರ ತಂದೆ ಸಾಲ ತೀರಿಸೋದು ಮಗನ, ಮೊಮ್ಮಗನ ಧರ್ಮ ಅಂತ ಕೋರ್ಟೂ ಒಪ್ಪುತಿತ್ತಂತೆ. 2005ರ ಸೆಪ್ಟೆಂಬರಲ್ಲಿ ವಾರಸಾ ಕಾಯಿದೆ ತಿದ್ದುಪಡಿ ಬಂತಲ್ಲ, ಹೆಣ್ಣುಮಕ್ಕಳಿಗೂ ಗಂಡುಮಕ್ಕಳ ಸಮ ಪಾಲು ಅಂತ, ಅದರಲ್ಲೇ ಇದನ್ನೂ ತೆಗೆದ್ರು. ಪಾಲಿನ ಮಾತು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು, ಅದಕ್ಕಾಗಿ ಅಣ್ಣ ತಂಗಿ ಮಾತು ಬಿಟ್ಟಿರೋ ಮನೆಗಳೂ ಉಂಟು. ಸಾಲದ ಮಾತು ಮಾತ್ರ ಯಾರೂ ಹೇಳಲ್ಲ. ಈಗ ಅಪ್ಪ ಮಾಡಿದ ಸಾಲಕ್ಕೆ ಅಪ್ಪ ಬಿಟ್ಟೋದ ಆಸ್ತಿ ಎಷ್ಟೋ ಅಷ್ಟರ ಮಟ್ಟಿಗೆ ಮಾತ್ರ ಹೊಣೆ, ಮಗನ ಸ್ವಂತ ದುಡಿಮೆಗೆ ಕೈ ಹಾಕಂಗಿಲ್ಲ. ನಮ್ಮ ಮಾವನ ಸಾಲ 2005ಕ್ಕಿಂತ ಮುಂಚಿಂದು, ಅದಕ್ಕೆ ಹಳೇ ನಿಯಮವೇ ಅನ್ವಯ ಆಗ್ತದೆ ಅಂದ್ರು ಲಾಯರಮ್ಮ. ಆದ್ರೆ ವಾಯಿದೆಯೇ ಮೀರಿದ ಮೇಲೆ ಆ ಚರ್ಚೆ ಬೇಡ.

ಈಗ ಪಕ್ಕದ ಮನೆ ಅಕ್ಕನ ಕತೆ. ಅವಳು ಸಾಲ ಕೊಟ್ಟೋಳು. 2019ರ ಜೂನಲ್ಲಿ ಅವಳ ಅಣ್ಣನ ಮಗ ಗೂಡ್ಸ್ ಆಟೋ ತಕ್ಕೋತೀನಿ ಅಂತ 60,000 ಕೇಳ್ದ. ಎರಡು ಹಸ ಮಾರಿದ ದುಡ್ಡು ಖಾತೇಲಿತ್ತು, ಚೆಕ್ಕಲ್ಲಿ ಕೊಟ್ಳು. ಪತ್ರ ಇಲ್ಲ. ಅಣ್ಣನ ಮಗನ ಹತ್ರ ಪತ್ರ ಬರೆಸ್ಕೋತಾರಾ? ಒಂದು ರೂಪಾಯಿ ವಾಪಸ್ ಬಂದಿರಲಿಲ್ಲ. ಕೇಳಿದಾಗೆಲ್ಲ "ಕೊಡ್ತೀನಿ ಅತ್ತ, ಎಲ್ಲಿ ಓಡೋಯ್ತೀನಿ". ಓಡೋಗಿಲ್ಲ, ದಿನಾ ಕಣ್ಣ ಮುಂದೇನೇ ಆಟೋ ಓಡುಸ್ತಾನೆ.

ಲಾಯರಮ್ಮ ನನಗೆ ಮೂರು ವರ್ಷದ ಮಾತು ಹೇಳ್ತಾ ಇದ್ದಂಗೇ ಇವಳ ಮುಖ ಬಿಳುಪೇರ್ತು. 2019ರಿಂದ ಮೂರು ವರ್ಷ ಅಂದ್ರೆ 2022ಕ್ಕೇ ಮುಗೀತು, ನಾವು ಕೂತಿದ್ದದ್ದು 2024ರ ಮಾರ್ಚು. ನನ್ನ ಮನೆ ಉಳಿಸಿದ ಕಾಯಿದೆಯೇ ಇವಳ ಹಸದ ದುಡ್ಡ ನುಂಗ್ತು ಅಂತ ನನಗೂ ಬಾಯಿ ಕಟ್ಟಿದಂಗಾಯ್ತು. ಆದ್ರೆ ಲಾಯರಮ್ಮ ಕ್ಯಾಲೆಂಡರ್ ತಕ್ಕೊಂಡು ಎಣಿಸಿದ್ರು. ಕೊರೊನಾ ಹೊತ್ತಲ್ಲಿ ಕೋರ್ಟಿಗೆ ಹೋಗಕ್ಕೇ ಆಗ್ತಿರಲಿಲ್ಲ ಅಂತ ಸುಪ್ರೀಂ ಕೋರ್ಟು 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರ ತನಕ ಇರೋ ದಿನಗಳನ್ನ ವಾಯಿದೆ ಲೆಕ್ಕದಿಂದ ಕೈ ಬಿಟ್ಟಿದೆ. ಇವಳು ಕೊಟ್ಟದ್ದು ಜೂನ್ 10, ಪಾಸ್‌ಬುಕ್ಕಲ್ಲಿತ್ತು. ಕೊರೊನಾ ದಿನ ಬಿಟ್ಟು ಎಣಿಸಿದ್ರೆ 2024ರ ಮೇ ಕೊನೇ ವಾರದ ತನಕ ವಾಯಿದೆ ಇದೆ. "ಕೊನೇ ದಿನಕ್ಕೆ ಕಾಯಬೇಡಿ. ಏಪ್ರಿಲ್ ಒಳಗೆ ಒಂದೋ ಅವನ ಕೈಲಿ ಬರೆಸ್ಕೊಳಿ, ಇಲ್ಲ ದಾವಾ ಹಾಕಿ" ಅಂದ್ರು.

ಬಸ್ಸಲ್ಲಿ ಬರ್ತಾ ಅಕ್ಕ ಒಂದು ಮಾತೂ ಆಡಲಿಲ್ಲ. ಊರು ಹತ್ರ ಬಂದ ಮೇಲೆ, "ನಂಗ ಅವನ್ನ ಕೋರ್ಟ್ಗ ಎಳಿಯಕ್ಕಾಗಲ್ಲ ಕನ. ಸೈನ್ ಕೇಳ್ತಿನಿ" ಅಂದ್ಳು. ಕೇಳಿದ್ಳು. ಅವನಿಗೆ ಕೋಪ ಬಂತು, ಅವರಪ್ಪನಿಗೆ ಅದಕ್ಕಿಂತ ಜಾಸ್ತಿ ಬಂತು. "ಒಡಹುಟ್ಟಿದೋರ ಹತ್ರ ಕಾಗದ ಕೇಳ್ತೀಯಾ" ಅಂದ್ರಂತೆ. ಅದಕ್ಕೆ ಅವಳು, "ಕೊಡಂಗಿದ್ರ ಸೈನ್ ಹಾಕಕ್ಕ ಏನಣ್ಣ ಕಷ್ಟ?" ಅಂದ್ಳಂತೆ. ನಾನಾಗಿದ್ರೆ ಇಷ್ಟು ಚೆನ್ನಾಗಿ ಹೇಳ್ತಿರಲಿಲ್ಲ. ಏಪ್ರಿಲ್ ಎರಡನೇ ವಾರ, ಯುಗಾದಿ ಕಳೆದ ಮೇಲೆ, ಹುಡುಗ ಬರೆದುಕೊಟ್ಟ. ಇಂಥ ದಿನ ಚೆಕ್ಕಲ್ಲಿ 60,000 ತಕ್ಕೊಂಡಿದ್ದೀನಿ, ಪೂರ್ತಿ ಬಾಕಿ ಇದೆ, ತಿಂಗಳಿಗೆ 2,000 ಕೊಡ್ತೀನಿ ಅಂತ. ತಾರೀಖು, ಸೈನು, ಇಬ್ಬರು ಸಾಕ್ಷಿ.

ನಮ್ಮ ಹೆಂಗಸರಲ್ಲಿ ಸಾಲ ತಕ್ಕೊಂಡೋರಿಗಿಂತ ಹಿಂಗೆ ಕೈಸಾಲ ಕೊಟ್ಟು ಕೂತಿರೋರೇ ಜಾಸ್ತಿ ಅಂತ ನನ್ನ ಲೆಕ್ಕ. ತಮ್ಮನಿಗೆ, ಭಾವನಿಗೆ, ಗೆಳತಿಗೆ. ಗಂಡನಿಗೆ ಗೊತ್ತಿಲ್ದೆ ಕೊಟ್ಟದ್ದೂ ಇರ್ತದೆ, ಅದನ್ನ ಬಾಯಿ ಬಿಟ್ಟು ಕೇಳಕ್ಕೂ ಆಗಲ್ಲ. ಸಾಲಗಾರ್ತಿಗೆ ಮೂರು ವರ್ಷ ಅನ್ನೋದು ಗುರಾಣಿ ಆದ್ರೆ ಇಂಥೋರಿಗೆ ಅದೇ ಕತ್ತಿ. ವರ್ಷಕ್ಕೊಂದ್ಸಲ ಐನೂರು ರೂಪಾಯಿ ಆದ್ರೂ ಇಸ್ಕೊಂಡು, ಇಷ್ಟು ಕೊಟ್ಟೆ, ಇಷ್ಟು ಬಾಕಿ ಅಂತ ಅವರ ಕೈಲೇ ಒಂದು ಚೀಟಿ ಬರೆಸ್ಕೊಂಡ್ರೆ ವಾಯಿದೆ ಮುಂದೆ ಹೋಗ್ತದೆ.

ಈಗ ನಮ್ಮತ್ತೆ ವಿಷಯ. ನಾನು ನಂಜನಗೂಡಿಂದ ಬಂದು, ಕೊಡಬೇಕಾಗಿಲ್ಲವಂತೆ, ಕೋರ್ಟಲ್ಲೂ ನಿಲ್ಲಲ್ಲವಂತೆ ಅಂತ ಹೇಳ್ದಾಗ ಯಜಮಾನ್ರು ಉಸಿರು ಬಿಟ್ರು. ಅತ್ತೆ ಎಲೆ ಅಡಿಕೆ ಮಡಚ್ತಾ ಇದ್ದೋರು, ಮಡಚೋದ ನಿಲ್ಸಿ, "ಈಸ್ಕಂಡದ್ದು ನಿಜ ತಾನೆ? ಹಂಗಾದ್ಮೇಲ ಕುಡಬೇಕು" ಅಂದ್ರು.

"ಕೊಟ್ಟದ್ದೇ ಅಸಲಿಗಿಂತ ಜಾಸ್ತಿ ಆಗದ ಅವ್ವ" ಅಂದ್ರು ಇವರು.

"ಅದು ಬಡ್ಡಿ. ಬಡ್ಡಿ ಮಾತ ನಾ ಆಡ್ನಿಲ್ಲ. ಅಸ್ಲು ಕುಡ್ನಿಲ್ವಲ್ಲ. ಅವತ್ತು ಮದ್ವಗ ಮೂರು ದಿನ ಇತ್ತು. ನಮ್ಮ ನೆಂಟ್ರು ಒಬ್ಬೂ ಬಾಗ್ಲು ತಗಿನಿಲ್ಲ. ಆ ಸಾವ್ಕಾರ ಅರ್ಧ ಗಂಟೇಲಿ ಎಣಿಸ್ಕೊಟ್ಟ. ಋಣ ಹೊತ್ಕಂಡು ಹೋದ್ರ ಅವರ ಮನ ಎತ್ತಾಗಿ ಹುಟ್ಟಬೇಕು."

ಯಜಮಾನ್ರು ನಕ್ಕುಬಿಟ್ರು. ಈಗ ಯಾರ ಮನೇಲೂ ಎತ್ತಿಲ್ಲ, ಎಲ್ಲ ಟ್ರ್ಯಾಕ್ಟರು ಅಂದ್ರು. ಅತ್ತೆ ನಗಲಿಲ್ಲ.

ಅರಸು ಕಾಲದಲ್ಲಿ ಸರ್ಕಾರವೇ ಸಾಲ ಮನ್ನಾ ಮಾಡಿತ್ತಲ್ಲ, ಅವಾಗ ಯಾರೂ ಎತ್ತಾಗಿ ಹುಟ್ಟಲಿಲ್ವಾ ಅಂತ ನಾನು ಕೇಳ್ದೆ. ಚಿಕ್ಕೋರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಮೈಸೂರು ಸೀಮೆಯೋರೇ ಆದ ದೇವರಾಜ ಅರಸು ಮುಖ್ಯಮಂತ್ರಿ ಆಗಿದ್ದಾಗ 1976ರಲ್ಲಿ ಋಣ ಪರಿಹಾರ ಕಾಯಿದೆ ತಂದ್ರು. ಸಣ್ಣ ರೈತರು, ಜಮೀನಿಲ್ಲದ ಕೂಲಿಯೋರು, ಬಡವರು ಖಾಸಗಿಯೋರ ಹತ್ರ ಮಾಡಿದ ಸಾಲ ಎಲ್ಲ ವಜಾ. ಗಿರವಿ ಇಟ್ಟ ಸಾಮಾನನ್ನೂ ಸಾಲ ಕೊಟ್ಟೋರು ವಾಪಸ್ ಕೊಡಬೇಕು. ನಮ್ಮತ್ತೆ ಮನೆಯ ತಾಮ್ರದ ಹಂಡೆ ಹಂಗೇ ವಾಪಸ್ ಬಂದದ್ದು. ಈಗ್ಲೂ ಬಚ್ಚಲಲ್ಲಿ ಇದೆ, ಹಬ್ಬಕ್ಕೆ ಹುಣಸೆಹಣ್ಣು ಹಾಕಿ ತಿಕ್ಕೋಳು ನಾನೇ.

ಅತ್ತೆ ಅದಕ್ಕೆ ಕೊಟ್ಟ ಉತ್ತರ ನನಗೆ ಗೊತ್ತಿರಲಿಲ್ಲ. "ಹಂಡ ಬಂತು. ಆಮೇಲ ಎರಡು ವರ್ಷ ಯಾರೂ ನಮಗ ಒಂದು ಸೇರು ರಾಗಿ ಸಾಲ ಕುಡ್ನಿಲ್ಲ ಕನವ್ವ. ನಿಮ್ಮಾವ ಕಷ್ಟಪಟ್ಟು ಹೆಸ್ರು ಉಳುಸ್ಕಂಡ್ರು. ಅದ್ಕೇಯ 98ರಲ್ಲಿ ಆ ಸಾವ್ಕಾರ ಮಾತಿಲ್ದೆ ಕೊಟ್ಟದ್ದು."

ನಾನು ಒಪ್ಪಿದೆ ಅಂತ ಅನ್ಕೊಬೇಡಿ. ಇವತ್ತಿಗೂ ನನಗೆ, ನಮ್ಮ ಕೈಲಿ ಆಗ್ಲೇ 15,800 ಮತ್ತೆ ಎರಡು ಮೂಟೆ ಅಕ್ಕಿ ಇಸ್ಕೊಂಡು, ಅದನ್ನ ಮುಚ್ಚಿಟ್ಟು ಎಂಬತ್ತು ಸಾವಿರಕ್ಕೆ ಸೈನ್ ಕೇಳಕ್ಕೆ ಬಂದೋರಿಗೆ ಒಂದು ಪೈಸೆನೂ ಕೊಡಬಾರದು ಅಂತಲೇ ಇದೆ. ಬಡ್ಡಿ ಅಂತ ಕೊಟ್ಟದ್ದೂ ದುಡ್ಡೇ. ಆದ್ರೆ ಎಂಬತ್ತರ ಹತ್ರ ಬಂದಿರೋ ಜೀವ ರಾತ್ರಿ ಎದ್ದು ಕೂತ್ಕೊಳೋದ ನೋಡ್ತಾ ಕಾಯಿದೆ ಪುಸ್ತಕ ಓದಕ್ಕಾಗಲ್ಲ. ಕೊನೆಗೆ ಅತ್ತೆಯೇ ದಾರಿ ತೋರಿಸಿದ್ರು. "ನನ್ನ ಗೃಹಲಕ್ಷ್ಮಿ ದುಡ್ಡು ಅದಲ್ಲ, ಅದ ಕುಡು." ನಮ್ಮ ರೇಷನ್ ಕಾರ್ಡಲ್ಲಿ ಮನೆ ಯಜಮಾನಿ ಅವರೇ. 2023ರ ಆಗಸ್ಟ್ 30ಕ್ಕೆ ಮೈಸೂರಲ್ಲಿ ಶುರು ಮಾಡಿದ್ರಲ್ಲ, ಅವತ್ತಿಂದ ತಿಂಗಳಿಗೆ 2,000 ಬಂದದ್ದನ್ನ ಮುಟ್ಟಿರಲಿಲ್ಲ. ಸಾಲದೇ ಬಂದದ್ದಕ್ಕೆ ಅವರ ಪಿಂಚಣಿ ದುಡ್ಡು ಸೇರಿಸಿ 15,000 ಮಾಡಿದ್ರು.

ಮತ್ತೆ ಲಾಯರಮ್ಮನಿಗೆ ಫೋನ್ ಮಾಡ್ದೆ. "ಕೊಡೋದೇ ಆದ್ರೆ ಕಂತಲ್ಲಿ ಕೊಡಬೇಡಿ, ಒಂದೇ ಸಲ ಕೊಡಿ. ನೀವು ಏನೂ ಬರೀಬೇಡಿ, ಅವರ ಕೈಲಿ ಬರೆಸಿ. ಅಸಲು ಪ್ರೋನೋಟು ಕೈಗೆ ಬಂದ ಮೇಲೆ ದುಡ್ಡು" ಅಂದ್ರು. ಇನ್ನೊಂದು ಕೇಳಿದ್ರು, ಅದು ನನಗೆ ಹೊಳೆದೇ ಇರಲಿಲ್ಲ. "ಅವರಿಗೆ ಅಕ್ಕತಂಗೀರು ಇದ್ದಾರಾ? ಅವರ ತಂದೆ ಸಾಲ ಅಂದ್ರೆ ಅವರೂ ಹಕ್ಕುದಾರರೇ. ನಾಳೆ ಇನ್ನೊಬ್ಬರು ಬಂದು ಕೇಳಬಾರದು."

ಅವರು ಮತ್ತೆ ಬಂದಾಗ ಊರಿನ ಇಬ್ಬರು ಹಿರೀರನ್ನ ಕರೆದು ಕೂರಿಸಿದ್ವಿ. ಮೊದಲು ಕೋರ್ಟಿಗೆ ಹೋಯ್ತೀನಿ ಅಂದ್ರು. ಹೋಗಿ ಅಂದ್ವಿ. ಆಮೇಲೆ, "ಹಂಗಾದ್ರ ನಿಮ್ಮಪ್ಪನ ಸೈನ್ಗ ಬೆಲ ಇಲ್ವಾ ಅಣ್ಣ?" ಅಂದ್ರು. ಇದಕ್ಕೆ ಯಜಮಾನ್ರ ಮುಖ ಕಪ್ಪಾಯ್ತು. ಅತ್ತೆ ಒಳಗಿಂದ ಬಂದು, ದುಡ್ಡಿನ ಗಂಟು ಚಾಪೆ ಮೇಲಿಟ್ಟು, "ಬೆಲ ಇರದ್ಕೇ ಕುಡ್ತಾ ಇರದು. ಹದಿನೈದದ. ಎಣಿಸ್ಕ" ಅಂದ್ರು. ಹಿರೀರು ಹಿಂಭಾಗದ ಮೂರು ಸಾಲ ಗಟ್ಟಿಯಾಗಿ ಓದಿದ್ರು. ಅದಾದ ಮೇಲೆ ಜಾಸ್ತಿ ಮಾತು ಬೆಳೀಲಿಲ್ಲ. ಆ ಮನುಷ್ಯರೂ ಕೆಟ್ಟೋರು ಅಂತ ನಾನು ಹೇಳಲ್ಲ, ಅವರಿಗೂ ಅಪ್ಪ ಬಿಟ್ಟೋದ ಬೇರೆ ಸಾಲಗಳು ತಲೆ ಮೇಲಿದ್ವಂತೆ. ಪ್ರೋನೋಟಿನ ಮೇಲೇ ಪೂರ್ತಿ ಸಂದಾಯ ಆಗಿದೆ, ನನ್ನ ಒಡಹುಟ್ಟಿದವರ ಪರವಾಗೂ ನಾನೇ ಜವಾಬು ಅಂತ ಬರೆದು ಸೈನ್ ಹಾಕಿ ಕೊಟ್ಟೋದ್ರು. ಯಜಮಾನ್ರು ಒಲೆಗೆ ಹಾಕು ಅಂದ್ರು. ನಾನು ಪಹಣಿ ಜೊತೆ ಟ್ರಂಕಲ್ಲಿ ಇಟ್ಟಿದ್ದೀನಿ. ತೀರಿದ ಸಾಲದ ಕಾಗದಾನೇ ಮೊದಲು ಬೇಕಾಗೋದು.

ಇದನ್ನ ಕೇಳ್ಕೊಂಡು ಎಲ್ಲಾ ಸಾಲಕ್ಕೂ ಮೂರೇ ವರ್ಷ ಅಂತ ಯಾರೂ ಹೊರಡಬೇಡಿ. ಒಡವೆ ಇಟ್ಟು ತಕ್ಕೊಂಡ ಸಾಲ ಬೇರೆ. ವಾಯಿದೆ ಮೀರಿದ ಮೇಲೆ ಬಾಕಿಗೆ ದಾವಾ ಹಾಕಕ್ಕಾಗದೇ ಇರಬೌದು, ಆದ್ರೆ ಒಡವೆ ಅವರ ಕೈಲೇ ಇದೆಯಲ್ಲ. ದುಡ್ಡು ಕಟ್ಟೋ ತನಕ ಇಟ್ಕೊಬೌದು, ನೋಟೀಸ್ ಕೊಟ್ಟು ಮಾರಬೌದು. ಐದು ವರ್ಷ ಆಯ್ತು, ಈಗ ನನ್ನ ಸರ ಬಿಟ್ಟಿ ಕೊಡಿ ಅಂತ ಕೇಳಕ್ಕಾಗಲ್ಲ. ನೋಟೀಸು ಹಳೇ ಮನೆ ವಿಳಾಸಕ್ಕೆ ಹೋಗಿ ಸರ ಹರಾಜಾದ ಕತೆ ನಮ್ಮ ಸಂಬಂಧಿಕರಲ್ಲೇ ಇದೆ, ಮನೆ ಬದಲಾಯಿಸಿದ್ರೆ ಮೊದಲು ಅಲ್ಲಿ ಹೇಳಿ. ಜಮೀನು ಮನೆ ಅಡವಿಟ್ಟ ಸಾಲಕ್ಕೆ ಹನ್ನೆರಡು ವರ್ಷ. ಕೋರ್ಟಲ್ಲಿ ಒಂದ್ಸಲ ಡಿಕ್ರಿ ಆಗೋಯ್ತು ಅಂದ್ರೆ ಅದನ್ನ ಜಾರಿ ಮಾಡಿಸಕ್ಕೂ ಹನ್ನೆರಡು ವರ್ಷ ಟೈಮ್ ಇರ್ತದೆ.

ಸಂಘದ ಸಾಲ, ಮೈಕ್ರೋಫೈನಾನ್ಸ್ ಸಾಲ ಇನ್ನೂ ಬೇರೆ. 2025ರ ಜನವರಿಲಿ ನಮ್ಮ ನಂಜನಗೂಡು ಕಡೆ, ಚಾಮರಾಜನಗರದ ಕಡೆ ಎಷ್ಟು ಮನೆ ಬೀಗ ಹಾಕ್ಕೊಂಡು ರಾತ್ರೋರಾತ್ರಿ ಊರು ಬಿಟ್ಟೋದ್ವು ಅಂತ ನಾವೆಲ್ಲ ನೋಡಿದ್ದೀವಿ. ಮಕ್ಕಳ ಸ್ಕೂಲು ಬಿಡಿಸ್ಕೊಂಡು ಹೋದ್ರು. ಅದಾದ ಮೇಲೆ ಫೆಬ್ರವರಿ 12ಕ್ಕೆ ಸರ್ಕಾರ ಸುಗ್ರೀವಾಜ್ಞೆ ತಂತು, ಆಮೇಲೆ ಅದೇ ಕಾಯಿದೆ ಆಯ್ತು. ಕಿರುಕುಳ ಕೊಟ್ಟು ವಸೂಲಿ ಮಾಡಿದ್ರೆ ಹತ್ತು ವರ್ಷದ ತನಕ ಜೈಲು, ಐದು ಲಕ್ಷದ ತನಕ ದಂಡ. ಅವತ್ತು ನಮ್ಮ ಬೀದಿಲಿ ಸಾಲ ಎಲ್ಲ ಮನ್ನಾ ಅಂತ ಸುದ್ದಿ ಹಬ್ಬಿ, ಇಬ್ಬರು ಕಂತು ಕಟ್ಟೋದ ನಿಲ್ಲಿಸಿಬಿಟ್ರು. ಹಂಗಲ್ಲ. ಲೈಸೆನ್ಸಿಲ್ದೆ, ರಿಜಿಸ್ಟ್ರಿ ಇಲ್ದೆ ಸಾಲ ಕೊಟ್ಟೋರು ಬಡವರಿಗೆ ಕೊಟ್ಟ ಸಾಲ ಮಾತ್ರ ವಜಾ. ರಿಸರ್ವ್ ಬ್ಯಾಂಕಲ್ಲಿ ರಿಜಿಸ್ಟ್ರಿ ಆಗಿರೋ ಕಂಪನಿ ಸಾಲ ಹಂಗೇ ಇದೆ, ಕಟ್ಟಲೇಬೇಕು. ಆದ್ರೆ ಮೈಕ್ರೋಫೈನಾನ್ಸಿನೋರು ಬೆಳಿಗ್ಗೆ 9ಕ್ಕಿಂತ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಅಂತ ಫೋನ್ ಮಾಡಂಗಿಲ್ಲ ಅಂತ ರಿಸರ್ವ್ ಬ್ಯಾಂಕೇ ಹೇಳಿದೆ. ಬಾಯಿಗೆ ಬಂದಂಗೆ ಬೈಯೋದು, ಹೆದರಿಸೋದು, ನೆಂಟರಿಗೆ ಫೋನ್ ಮಾಡಿ ಕಾಟ ಕೊಡೋದು ಇವಕ್ಕೂ ಅವಕಾಶ ಇಲ್ಲ. ರಾತ್ರಿ ಎಂಟು ಗಂಟೆಗೆ ಬಾಗಿಲು ಬಡಿದೋರಿಗೆ ನಮ್ಮ ಬೀದಿಯ ಒಬ್ಬಳು ಈ ಮಾತು ಹೇಳಿದ್ಳಂತೆ, ಬಂದೋನು "ನಿಮಗ್ಯಾರಕ್ಕ ಹೇಳ್ದೋರು" ಅಂತ ಕೇಳಿ ಹೊರಟೋದ್ನಂತೆ. ಕೇಳದೆ ಇದ್ರೆ 14448ಕ್ಕೆ ಫೋನ್ ಮಾಡಿ, ಅದು ರಿಸರ್ವ್ ಬ್ಯಾಂಕಿನ ದೂರಿನ ನಂಬರು. ಕಾನೂನು ಸೇವೆಯವರ ನಂಬರು 15100.

ಹೋಗ್ವಾಗ ಕಾಗದ ಎಷ್ಟಿದ್ಯೋ ಅಷ್ಟೂ ತಕ್ಕೊಂಡು ಹೋಗಿ, ಹರಿದದ್ದಾದ್ರೂ ಸರಿ. ಪಾಸ್‌ಬುಕ್ಕು, ಪ್ರೋನೋಟಿನ ಹಿಂಭಾಗದ ಫೋಟೋ, ಬಂದ ನೋಟೀಸಿನ ಕವರು, ಅದರ ಮೇಲಿನ ಅಂಚೆ ಮುದ್ರೇಲಿ ತಾರೀಖು ಇರ್ತದೆ. ಪಕ್ಕದ ಮನೆ ಅಕ್ಕನಿಗೆ ಮೊದಲು ಏಳು ತಿಂಗಳು 2,000 ಸರಿಯಾಗಿ ಬಂತು, ಆಮೇಲೆ ಎರಡು ತಿಂಗಳು ಬರಲಿಲ್ಲ, ಈಗ ಮತ್ತೆ ಬರ್ತಾ ಇದೆ. ಅಣ್ಣ ಇನ್ನೂ ಮಾತಾಡಿಸ್ತಿಲ್ಲ. ಅತ್ತಿಗೆ ಮಾತ್ರ ಹೋದ ವಾರ ಒಂದು ಚೀಲ ಅವರೆಕಾಯಿ ಕಳಿಸಿದ್ರಂತೆ, ನನಗೂ ಅರ್ಧ ಕೊಟ್ಟವಳೆ.